ಬಾಹ್ಯಾಕಾಶ ಯೋಧನಿಗೂ ಚೌಕಿ ಬೇಕು

ಯಾರೂ ಕಂಡಿರದ ಲೋಕದ ಯೋಧನಿಗೆ ಕವಚ ಕಟ್ಟುವ ಕೆಲಸ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಂದಿಗೆ ಹೊಸದಲ್ಲ. ಇಂದ್ರಜಿತುವನ್ನೋ ಘಟೋತ್ಕಚನನ್ನೋ ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ಆತನ ಭುಜ ಎಷ್ಟು ಅಗಲ ಇರಬೇಕು, ಎದೆಯ ಮೇಲೆ ಏನು ಮಿನುಗಬೇಕು, ಕಿರೀಟ ಎಷ್ಟು ಎತ್ತರ ನಿಂತರೆ ಆತ ಮನುಷ್ಯನ ಅಳತೆ ಮೀರಿದವನಂತೆ ಕಾಣುತ್ತಾನೆ ಎಂಬುದನ್ನು ನಮ್ಮ ಯಕ್ಷಗಾನ ಬಯಲಾಟದ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ, ತಲೆಮಾರುಗಳಿಂದ ಲೆಕ್ಕ ಹಾಕುತ್ತ ಬಂದಿದೆ. ಈಗಿನ ಹುಡುಗ ಹುಡುಗಿಯರಿಗೆ ಇಂದ್ರಜಿತುವಿನ ಜೊತೆಗೆ ಐರನ್ ಮ್ಯಾನ್ ಇದ್ದಾನೆ, ಸ್ಟಾರ್ ವಾರ್ಸ್‌ನ ಬಿಳಿ ಸೈನಿಕರಿದ್ದಾರೆ, ಹೇಲೋ ಆಟದ ಹಸಿರು ಕವಚದ ಯೋಧನಿದ್ದಾನೆ. ಅವರನ್ನು ತೆರೆಯ ಮೇಲೆ ನೋಡಿ ಮುಗಿಸುವುದಿಲ್ಲ. ರಟ್ಟು, ಫೋಮು, ಅಂಟು ಹಿಡಿದು ಕೂತು ತಾವೇ ಅದನ್ನು ತೊಡಬೇಕೆಂದು ಹೊರಡುತ್ತಾರೆ.

ಜಗತ್ತಿನ ಅನೇಕ ಕಡೆ ಇದು ಈಗ ದೊಡ್ಡ ಹವ್ಯಾಸ. ಅದರ ಹಿಂದೆ ಎಂಬತ್ತು ವರ್ಷ ದಾಟಿದ ಇತಿಹಾಸವಿದೆ, ಸಾಮಗ್ರಿಗಳ ಒಂದು ಶಾಸ್ತ್ರವಿದೆ, ಕೋರ್ಟು ಕಟ್ಟೆ ಹತ್ತಿದ ವ್ಯಾಜ್ಯವೂ ಇದೆ. ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಕವಚ ಮಾಡುವ ವಿದ್ಯೆ ಬೆರಗಾಗುವಷ್ಟು ಮುಂದುವರಿದಿದೆ, ತೊಡುವ ವಿದ್ಯೆ ಹಿಂದೆ ಉಳಿದಿದೆ. ತೊಡುವ ವಿದ್ಯೆ ಬೇಕಾದವರು ದೂರ ಹೋಗಬೇಕಿಲ್ಲ, ಯಲ್ಲಾಪುರ ಕಡೆಯ ನಂದೊಳ್ಳಿಯಂಥ ಊರಿನಲ್ಲಿ ಆಟ ಇದ್ದ ರಾತ್ರಿ ಚೌಕಿಯ ಬಾಗಿಲಲ್ಲಿ ಕೂತರೆ ಸಾಕು.

ಇತಿಹಾಸದ ಮಾತು ಮೊದಲು. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ಸೇರಿತು. ಅಲ್ಲಿಗೆ ಫಾರೆಸ್ಟ್ ಆಕರ್ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬಿಬ್ಬರು ಭವಿಷ್ಯದ ಮನುಷ್ಯರ ಉಡುಪು ಧರಿಸಿ ಬಂದರು. ಎರಡೂ ಉಡುಪನ್ನು ಹೊಲಿದವರು ಡಗ್ಲಾಸ್. ಕಥೆಯ ಪತ್ರಿಕೆಗಳಿಗೆ ಫ್ರಾಂಕ್ ಪಾಲ್ ಬರೆಯುತ್ತಿದ್ದ ಚಿತ್ರಗಳು ಮತ್ತು 1936ರ 'ಥಿಂಗ್ಸ್ ಟು ಕಮ್' ಸಿನಿಮಾ ಆಕೆಗೆ ಮಾದರಿ. ಅಲ್ಲಿ ಕವಚವಿರಲಿಲ್ಲ, ಬಟ್ಟೆ ಮಾತ್ರ. ಆದರೆ ಒಬ್ಬ ಓದುಗಿ ತಾನು ಓದಿದ ಲೋಕವನ್ನು ಹೊಲಿಗೆಯ ಕೈಯಿಂದ ಮೈಮೇಲೆ ತಂದುಕೊಂಡಳು ಎಂಬುದು ದೊಡ್ಡ ಸಂಗತಿ. ಈ ಹವ್ಯಾಸದ ಚರಿತ್ರೆ ಹೇಳುವಾಗ ಆಕೆಯ ಹೆಸರು ಬಹುಕಾಲ ಆಕರ್ಮನ್ ಹೆಸರಿನ ಹಿಂದೆಯೇ ಇತ್ತು. ಅದನ್ನು ತಿದ್ದಿ ಹೇಳುವುದು ನ್ಯಾಯ.

ಬಟ್ಟೆಯಿಂದ ಕವಚಕ್ಕೆ ತಿರುಗಿಸಿದ್ದು 1977ರ ಸ್ಟಾರ್ ವಾರ್ಸ್. ರಾಲ್ಫ್ ಮೆಕ್ವಾರಿಯ ಚಿತ್ರಗಳು, ಬ್ರಯನ್ ಮ್ಯೂರ್‌ನಂಥ ಶಿಲ್ಪಿಗಳ ಜೇಡಿಮಣ್ಣಿನ ಕೆಲಸ, ಇಂಗ್ಲೆಂಡಿನ ಆಂಡ್ರ್ಯೂ ಏನ್ಸ್‌ವರ್ತ್ ಅವರ ಕಾರ್ಯಾಗಾರದ ಪ್ಲಾಸ್ಟಿಕ್ ಅಚ್ಚು ಸೇರಿ ಬಿಳಿ ಸೈನಿಕ ತಯಾರಾದ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡಿ ಅಚ್ಚಿನ ಮೇಲೆ ಹಾಸುತ್ತಾರೆ, ಕೆಳಗಿನಿಂದ ಗಾಳಿ ಹೀರುತ್ತಾರೆ. ಹಾಳೆ ಅಚ್ಚಿಗೆ ಅಂಟಿ ತಣ್ಣಗಾದಾಗ ಚಿಪ್ಪು ಸಿದ್ಧ. ನೋಡಲು ಅದ್ಭುತ. ತೊಟ್ಟವರ ಪಾಡು ಬೇರೆ. ಶಿರಸ್ತ್ರಾಣದೊಳಗಿನಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಒಬ್ಬ ಸೈನಿಕ ಬಾಗಿಲಿಗೆ ತಲೆ ಬಡಿಸಿಕೊಳ್ಳುವ ದೃಶ್ಯ ಸಿನಿಮಾದಲ್ಲಿ ಹಾಗೆಯೇ ಉಳಿದುಬಿಟ್ಟಿದೆ. ಚಿನ್ನದ ಬಣ್ಣದ ರೋಬೋಟಿನ ಪಾತ್ರ ಮಾಡಿದ ಆಂಟನಿ ಡೇನಿಯಲ್ಸ್‌ಗೆ ಟ್ಯುನೀಷಿಯಾದ ಮರಳುಗಾಡಿನ ಚಿತ್ರೀಕರಣದ ಮೊದಲ ದಿನವೇ ಕಾಲಿನ ಚಿಪ್ಪು ಒಡೆದು ಪಾದಕ್ಕೆ ಚುಚ್ಚಿತು. ಆ ವೇಷದಲ್ಲಿ ಅವರು ಕೂರುವಂತಿರಲಿಲ್ಲ, ಹಲಗೆಗೆ ಒರಗಿ ದಣಿವಾರಿಸಿಕೊಳ್ಳಬೇಕಿತ್ತು. ಕ್ಯಾಮೆರಾದ ಮುಂದೆ ಕೆಲವು ನಿಮಿಷ ನಿಲ್ಲಲು ಮಾಡಿದ ಕವಚ ಅದು. ಅದನ್ನೇ ಮಾದರಿ ಮಾಡಿಕೊಂಡು ಮನೆಯಲ್ಲಿ ಕಟ್ಟಿ ದಿನವಿಡೀ ತೊಡಲು ಹೊರಟವರಿಗೆ ಆ ತೊಂದರೆಗಳೂ ಜೊತೆಗೇ ಬಂದವು.

ಹಾಗೆ ಹೊರಟವರು ಬಹಳ ಮಂದಿ. ಅಮೆರಿಕದ ಆಲ್ಬಿನ್ ಜಾನ್ಸನ್ 1997ರಲ್ಲಿ ಶುರುಮಾಡಿದ '501ನೇ ಲೀಜನ್' ಎಂಬ ಕೂಟ ಇಂದು ಅನೇಕ ದೇಶಗಳಿಗೆ ಹಬ್ಬಿದೆ. ಇದರ ಸದಸ್ಯರು ಕವಚವನ್ನು ಸಿನಿಮಾದಲ್ಲಿದ್ದಂತೆಯೇ ಮಾಡಬೇಕು. ಗುಂಡಿ ಎಲ್ಲಿ, ಪಟ್ಟಿ ಎಷ್ಟು ಅಗಲ ಎಂಬುದಕ್ಕೆಲ್ಲ ಲಿಖಿತ ನಿಯಮವಿದೆ. ಅದನ್ನು ತೊಟ್ಟು ಆಸ್ಪತ್ರೆಯ ಮಕ್ಕಳ ಬಳಿಗೆ ಹೋಗುವುದು, ಸಹಾಯಾರ್ಥ ಹಣ ಕೂಡಿಸುವುದು ಅವರ ಮುಖ್ಯ ಕೆಲಸ. 2001ರಲ್ಲಿ ಬಂದ ಹೇಲೋ ಆಟ ಇನ್ನೊಂದು ಅಲೆ ಎಬ್ಬಿಸಿತು. ಕಂಪ್ಯೂಟರಿನ ಮೂರು ಆಯಾಮದ ಆಕೃತಿಯನ್ನು ಬಿಡಿಸಿ ಕಾಗದದ ಮೇಲೆ ಹರಡಿಕೊಡುವ ಜಪಾನಿನ ಪೆಪಕುರಾ ಎಂಬ ತಂತ್ರಾಂಶ ಹಿಡಿದು, ಕತ್ತರಿ ಮತ್ತು ಅಂಟಿನಿಂದಲೇ ಪೂರಾ ಕವಚ ಮಡಚುವವರು ಹುಟ್ಟಿಕೊಂಡರು. ನಮ್ಮ ರಾಜ್ಯದಲ್ಲಿ ಇದಕ್ಕೊಂದು ವೇದಿಕೆ ಸಿಕ್ಕಿದ್ದು 2012ರಿಂದ ಬೆಂಗಳೂರಿನಲ್ಲಿ ನಡೆಯುವ ಕಾಮಿಕ್ ಕಾನ್‌ನಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಹಳ್ಳಿಯ ಶಾಲೆಗಳ ಛದ್ಮವೇಷ ಸ್ಪರ್ಧೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಬೆಳ್ಳಿ ಕಾಗದ ಸುತ್ತಿ ರೋಬೋಟ್ ಆದ ಮಕ್ಕಳಿದ್ದರು. ಉಪೇಂದ್ರ ಯಂತ್ರಮಾನವನಾಗಿ ಬಂದ 2002ರ 'ಹಾಲಿವುಡ್', ರಜನಿಕಾಂತರ 2010ರ ರೋಬೋ ಚಿತ್ರ ಬಂದ ಮೇಲೆ ಆ ಬೆಳ್ಳಿ ಕಾಗದಕ್ಕೆ ಬೇಡಿಕೆ ಹೆಚ್ಚಿತೆಂದರೆ ಆಶ್ಚರ್ಯವಿಲ್ಲ.

ಈಗ ಸಾಮಗ್ರಿಗೆ ಬರೋಣ. ರಟ್ಟು ಎಲ್ಲರಿಗೂ ಸಿಗುತ್ತದೆ, ಆದರೆ ಮಳೆಗಾಲದಲ್ಲಿ ಎರಡು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಘಟ್ಟದಂಚಿನಲ್ಲಿ ಜುಲೈ ತಿಂಗಳ ಗಾಳಿಯಲ್ಲೇ ಅದು ಬಾಗುತ್ತದೆ. ಕಾಗದದ ಕವಚದ ಮೇಲೆ ರೆಸಿನ್ ಬಳಿದು ಒಳಗಡೆ ಫೈಬರ್ ನಾರು ಕೂರಿಸಿದರೆ ಗಟ್ಟಿಯಾಗುತ್ತದೆ. ಆದರೆ ರೆಸಿನ್ನಿನ ಆವಿ, ಉಜ್ಜುವಾಗ ಏಳುವ ಫೈಬರ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯ ಒಳಗೆ, ಮಕ್ಕಳ ಕೈಯಲ್ಲಿ ಈ ಕೆಲಸ ಆಗಲೇಬಾರದು.

ಬಹುಪಾಲು ಹವ್ಯಾಸಿಗಳು ಇಂದು ನೆಚ್ಚುವುದು ಇವಿಎ ಫೋಮನ್ನು. ಮಕ್ಕಳ ಆಟದ ಕೋಣೆಗೆ ಹಾಸುವ, ಒಂದಕ್ಕೊಂದು ಕೂಡಿಕೊಳ್ಳುವ ಬಣ್ಣದ ಚೌಕಗಳು ಇದೇ ವಸ್ತು; ಹವಾಯಿ ಚಪ್ಪಲಿಯ ಅಟ್ಟೆಗೂ ಇದನ್ನು ಬಳಸುತ್ತಾರೆ. ಹತ್ತು ಮಿಲಿಮೀಟರ್ ದಪ್ಪದ್ದು ಎದೆಗೂ ಭುಜಕ್ಕೂ, ಐದರದ್ದು ತೋಳಿಗೆ, ಎರಡರದ್ದು ಅಂಚಿನ ಅಲಂಕಾರಕ್ಕೆ. ಬಿಸಿಗಾಳಿ ಬಿಡುವ ಗನ್ನಿನಿಂದ ಕಾಯಿಸಿ ಮಂಡಿಯ ಮೇಲೆ ಒತ್ತಿ ಹಿಡಿದರೆ ಬಟ್ಟಲಿನ ಆಕಾರ ಬರುತ್ತದೆ, ತಣ್ಣಗಾದ ಮೇಲೆ ಅದೇ ಆಕಾರ ನಿಲ್ಲುತ್ತದೆ. ಹಿಂಬದಿಗೆ ಅರ್ಧ ದಪ್ಪದವರೆಗೆ ಬ್ಲೇಡಿನಿಂದ ಗೀರಿದರೆ ಮುಂಭಾಗದಲ್ಲಿ ಚೂಪಾದ ಮಡಿಕೆ ಬರುತ್ತದೆ. ಜೋಡಿಸಲು ಚಪ್ಪಲಿ ಹೊಲಿಯುವವರೂ ಸನ್‌ಮೈಕಾ ಅಂಟಿಸುವ ಬಡಗಿಗಳೂ ಬಳಸುವ ಹಳದಿ ರಬ್ಬರ್ ಅಂಟು. ಎರಡೂ ಅಂಚಿಗೆ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಒಣಗುವವರೆಗೆ ಕಾದು ಆಮೇಲೆ ಒತ್ತಬೇಕು. ಕಾಯದೆ ಒತ್ತಿದ ಜೋಡಣೆ ವೇಷ ತೊಟ್ಟು ಮೈ ಬಿಸಿಯಾದ ಕೂಡಲೇ ಬಿಟ್ಟುಕೊಳ್ಳುತ್ತದೆ. ಇದೇ ಅಂಟನ್ನು ಥರ್ಮೋಕೋಲಿಗೆ ಹಚ್ಚಿದರೆ ಥರ್ಮೋಕೋಲು ಕರಗಿ ಗುಂಡಿ ಬೀಳುತ್ತದೆ. ಅಂಟಿನಲ್ಲಿರುವ ದ್ರಾವಕ ಅದನ್ನು ತಿಂದುಹಾಕುತ್ತದೆ. ಕಿಟಕಿ ಬಾಗಿಲು ತೆರೆದ ಜಗುಲಿಯಲ್ಲೇ ಈ ಅಂಟಿನ ಕೆಲಸ ಮಾಡಬೇಕು.

ಮೂರು ಆಯಾಮದ ಮುದ್ರಣ ಯಂತ್ರ ಬಂದ ಮೇಲೆ ಶಿರಸ್ತ್ರಾಣದ ಕೆಲಸ ಸುಲಭವಾಯಿತು. ಆದರೆ ಮನೆಯ ಯಂತ್ರಗಳು ಹೆಚ್ಚಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಏರುವುದು ಕಷ್ಟವಲ್ಲ. ವಾರಗಟ್ಟಲೆ ಮುದ್ರಿಸಿ, ಉಜ್ಜಿ, ಬಣ್ಣ ಹಚ್ಚಿದ ಶಿರಸ್ತ್ರಾಣ ಸ್ಪರ್ಧೆಯ ಊರು ಮುಟ್ಟುವಷ್ಟರಲ್ಲಿ ಒಂದು ಕಡೆ ಕುಸಿದಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ತೋಟದಲ್ಲಿ ಬಿದ್ದಿರುವ ಒಂದು ವಸ್ತುವಿನ ಬಗ್ಗೆ ನಿಧಾನವಾಗಿ ಹೇಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ 'ಶಿರಸಿ ಅಡಿಕೆ' ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದೇ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಈ ಹಾಳೆಯ ಟೊಪ್ಪಿ ನಮ್ಮ ಕಡೆಯ ಹಿರಿಯರ ತಲೆ ಕಾದಿದೆ. ಈಗ ತಟ್ಟೆ, ದೊನ್ನೆಯಾಗಿ ಪೇಟೆ ಸೇರುತ್ತಿದೆ. ಹಾಳೆತಟ್ಟೆಯ ಘಟಕಕ್ಕೆ ಹೋದವರು ನೋಡಿರುತ್ತಾರೆ: ಒಣಗಿದ ಹಾಳೆಯನ್ನು ನೀರಿನಲ್ಲಿ ನೆನೆಸಿ, ತೊಳೆದು, ನೀರು ಬಸಿದು, ಕಾದ ಅಚ್ಚಿನ ನಡುವೆ ಒತ್ತುತ್ತಾರೆ. ಅಂಟಿಲ್ಲ, ರಾಸಾಯನಿಕವಿಲ್ಲ. ನೀರು ಮತ್ತು ಶಾಖದಿಂದ ಮೆತ್ತಗಾದ ನಾರು ಅಚ್ಚಿನ ರೂಪ ತಾಳಿ, ಒಣಗಿ, ಅಲ್ಲೇ ನಿಲ್ಲುತ್ತದೆ. ಪಶ್ಚಿಮದ ಕವಚಗಾರರು ಬಿಸಿಗೆ ಬಾಗುವ ದುಬಾರಿ ಪ್ಲಾಸ್ಟಿಕ್ ಹಾಳೆ ತರಿಸಿ ಮಾಡುವುದೂ ಇದನ್ನೇ.

ಹಾಳೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಮರದ ಮೇಲಿದ್ದಾಗ ಅದು ಕಾಂಡದ ತುದಿಯನ್ನು ಕೊಳವೆಯ ಹಾಗೆ ಅಪ್ಪಿಕೊಂಡಿತ್ತು. ನಾರು ಉದ್ದುದ್ದ ಹರಿದಿದೆ, ಹೊರಮೈ ಬಿರುಸು, ಒಳಮೈ ರೇಷ್ಮೆಯಂತೆ ನುಣುಪು. ಹಾಗಾಗಿ ನೆನೆದ ಹಾಳೆಯನ್ನು ಮುಂಗೈಗೋ ಮೊಣಕಾಲಿನ ಕೆಳಗಿನ ಕಾಲಿಗೋ ಉದ್ದುದ್ದ ಇಟ್ಟರೆ ತಾನಾಗಿ ಸುತ್ತಿಕೊಳ್ಳುತ್ತದೆ. ಮುಂಗೈ ಕವಚಕ್ಕೆ ಅಚ್ಚೇ ಬೇಡ; ದಪ್ಪ ಬಟ್ಟೆ ಸುತ್ತಿದ ಕೈಗಿಂತ ಸ್ವಲ್ಪ ದೊಡ್ಡ ಬಿದಿರಿನ ತುಂಡಿಗೆ ಕಟ್ಟಿ ನೆರಳಲ್ಲಿ ಒಣಗಿಸಿದರೆ ಆಯಿತು. ಆದರೆ ಅಡ್ಡಕ್ಕೆ ಬಾಗಿಸಲು ಹೋದರೆ ನಾರು ಸೀಳುತ್ತದೆ. ಎದೆಯ ಹಾಗೆ ಎರಡೂ ದಿಕ್ಕಿಗೆ ಉಬ್ಬಿದ ಆಕಾರವನ್ನು ಒಂದೇ ಹಾಳೆಯಲ್ಲಿ ತರುವುದು ಕಷ್ಟ. ತಟ್ಟೆಯ ಅಚ್ಚು ಕೂಡ ಒಂದು ಮಿತಿಗಿಂತ ಆಳ ಹೋಗುವುದಿಲ್ಲ. ಅಲ್ಲಿ ಹಾಳೆಯನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಅಂಚು ಬರುವಂತೆ ಬಟ್ಟೆಗೆ ಹೊಲಿಯಬೇಕು. ಬೆಳಕಿಗೆ ಹಿಡಿದಾಗ ಒಳ್ಳೆಯ ಲೋಹದ ಪಟ್ಟಿಗಳಂತೆಯೇ ಕಾಣುತ್ತದೆ, ಮೈ ಬಗ್ಗಿದ ಕಡೆ ಬಗ್ಗುತ್ತದೆ. ಹಾಳೆಯ ಶತ್ರು ಬೂಷ್ಟು. ಮೊದಲ ಮಳೆಗೆ ಮುಂಚೆ ಚೆನ್ನಾಗಿ ಒಣಗಿಸಿ, ಒಲೆಯ ಹೊಗೆ ತಾಗುವ ಅಟ್ಟದ ಮೇಲೆ ಇಟ್ಟರೆ ಉಳಿಯುತ್ತದೆ. ಆ ಅಟ್ಟ ಇಲ್ಲದ ಹೊಸ ಮನೆಯವರು ಎರಡೂ ಬದಿಗೆ ವಾರ್ನಿಶ್ ಬಳಿಯಬೇಕು.

ಒಂದು ಚಿಪ್ಪಿನ ಬದಲು ಹಲವು ತುಂಡು ಎಂಬ ಈ ಉಪಾಯ ಚೌಕಿಯದ್ದು. ಯಕ್ಷಗಾನದ ಬಡಗುತಿಟ್ಟು ಶೈಲಿಯ ಎದೆಕಟ್ಟನ್ನು ಹತ್ತಿರದಿಂದ ನೋಡಿದರೆ ಹಗುರ ಮರದಲ್ಲಿ ಕೆತ್ತಿದ ತುಂಡುಗಳು ಬಟ್ಟೆಯ ಮೇಲೆ ಕೂತಿರುತ್ತವೆ. ಅವುಗಳಿಗೆ ಬೇಗಡೆ ಅಂಟಿಸಿದೆ, ನಡುವೆ ಕನ್ನಡಿ ಚೂರುಗಳಿವೆ. ಭುಜಕೀರ್ತಿ ಮರದ್ದೇ, ಆದರೆ ಭುಜಕ್ಕೆ ದಾರದಿಂದ ಕಟ್ಟಿದ್ದು. ಕೈ ಎತ್ತಿದಾಗ ಅದೂ ಏಳುತ್ತದೆ. ದೀವಟಿಗೆಯ ಬೆಳಕಿನಲ್ಲಿ ಕಲಾವಿದ ಒಂದು ಹೆಜ್ಜೆ ಹಾಕಿದರೆ ನೂರು ಕಡೆ ಮಿಂಚಬೇಕು ಎಂಬ ಉದ್ದೇಶಕ್ಕೆ ಹೊಂದಿಕೊಂಡೇ ಈ ಬೇಗಡೆ, ಕನ್ನಡಿ ಬಂದವು. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಗುಡಿಗಾರರು ಮರದ ಕೆತ್ತನೆಯಲ್ಲಿ ಹೆಸರಾದವರು. ಬೆಂಡಿನ ಬಾಸಿಂಗವೂ ಅವರ ಕೈಯದ್ದೇ. ಹಗುರವಾದದ್ದನ್ನು ಭಾರವಾಗಿ ಕಾಣಿಸುವ ಈ ಕುಶಲತೆ ಇಡೀ ಜಿಲ್ಲೆಗೆ ಹರಡಿದೆ. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತುರಾಯಿಯನ್ನು ನೋಡಿದವರಿಗೆ ಇದು ಗೊತ್ತು.

ಚೌಕಿಯಲ್ಲಿ ವೇಷ ಏರುವ ಕ್ರಮವನ್ನು ಕವಚಗಾರರು ಕಣ್ಣಿಟ್ಟು ನೋಡಬೇಕು. ಕಲಾವಿದ ಪೆಟ್ಟಿಗೆಯ ಮುಂದೆ ನೆಲಕ್ಕೆ ಕೂತು ಮುಖದ ಬಣ್ಣ ತಾನೇ ಬರೆದುಕೊಳ್ಳುತ್ತಾನೆ. ಆಮೇಲೆ ಕಾಲಿನಿಂದ ಶುರು: ಕಾಲುಚೀಲ, ಗೆಜ್ಜೆ, ಕಚ್ಚೆ. ಸೊಂಟಕ್ಕೆ ಬಟ್ಟೆ ಬಿಗಿಯುತ್ತಾರೆ. ಮೇಲೆ ಬರುವ ಭಾರವೆಲ್ಲ ಹೆಗಲ ಮೇಲೆ ನೇತುಬೀಳದೆ ನಡುವಿನ ಮೇಲೆ ಕೂರಬೇಕಾದರೆ ಈ ಬಿಗಿತ ಸರಿಯಾಗಿರಬೇಕು. ದಗಲೆ ತೊಟ್ಟ ಮೇಲೆ ತೋಳ್ಕಟ್ಟು, ಎದೆಕಟ್ಟು, ಭುಜಕೀರ್ತಿ ಒಂದೊಂದಾಗಿ ಏರುತ್ತವೆ. ಹಿಂದೆ ನಿಂತವನೊಬ್ಬ ದಾರ ಎಳೆದು ಗಂಟು ಹಾಕುತ್ತಾನೆ, ಕಲಾವಿದ ಉಸಿರೆಳೆದು ಎದೆ ಉಬ್ಬಿಸಿ ತೋರಿಸುತ್ತಾನೆ. ಹಾಗೆ ಉಬ್ಬಿದ ಎದೆಗೆ ಗಂಟು ಬೀಳುತ್ತದೆ. ಮಾತಾಡಬೇಕಾದವನಿಗೆ, ರಾತ್ರಿಯಿಡೀ ಕುಣಿಯಬೇಕಾದವನಿಗೆ ಉಸಿರಿನ ಜಾಗ ಬಿಡದೆ ಕಟ್ಟುವಂತಿಲ್ಲ. ಕಿರೀಟ ಕೊನೆಗೆ. ಅದಕ್ಕೆ ಮೊದಲು ತಲೆಗೆ ಬಟ್ಟೆ ಬಿಗಿದು ಕೂರಲು ನೆಲೆ ಮಾಡುತ್ತಾರೆ.

ಇಲ್ಲಿ ಮೂರು ಪಾಠ ಇವೆ ಎಂದು ನನಗೆ ಅನ್ನಿಸುತ್ತದೆ. ಮೊದಲನೆಯದು ಅಳತೆ. ಸಿದ್ಧ ಕವಚ ಒಂದು ಅಳತೆಗೆ ಮಾಡಿದ್ದು. ಚೌಕಿಯ ವೇಷ ಪ್ರತಿ ರಾತ್ರಿ ಆ ಮೈಗೆ ಹೊಸದಾಗಿ ಕಟ್ಟಿದ್ದು. ಹಾಗಾಗಿ ಒಂದೇ ಎದೆಕಟ್ಟನ್ನು ಸಪೂರದವನೂ ದಢೂತಿಯೂ ಕಟ್ಟಿಕೊಳ್ಳಬಹುದು. ಫೋಮ್ ಕವಚ ಕಟ್ಟುವವರು ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲೆ ಅಂಟುಪಟ್ಟಿ ಬಿಗಿದು, ಬೆನ್ನಿನಲ್ಲಿ ಕತ್ತರಿಸಿ ತೆಗೆದು ಮೈಯ ಅಚ್ಚು ಮಾಡಿಕೊಳ್ಳುತ್ತಾರೆ. ಒಳ್ಳೆಯ ವಿಧಾನವೇ, ಆದರೆ ಬೆಳೆಯುವ ವಯಸ್ಸಿನ ಹುಡುಗನಿಗೆ ಮುಂದಿನ ವರ್ಷಕ್ಕೆ ಆ ಅಚ್ಚು ಉಪಯೋಗವಿಲ್ಲ. ದಾರ, ಎಲಾಸ್ಟಿಕ್, ವೆಲ್ಕ್ರೋಗಳಿಂದ ಹಿಗ್ಗಿಸಿ ಕುಗ್ಗಿಸುವ ಅವಕಾಶ ಮೊದಲೇ ಇಡಬೇಕು. ಮಂಡಿಯ ವಿಷಯ ಎರಡನೆಯದು. ಮಂಡಿ ಕುಣಿತ, ದಿಗಿಣ ಹಾಕುವ ಬಡಗಿನ ವೇಷದಲ್ಲಿ ಮಂಡಿಯ ಮೇಲೆ ಗಡಸು ವಸ್ತು ಇಡುವುದಿಲ್ಲ. ಬಾಹ್ಯಾಕಾಶ ಯೋಧರ ಚಿತ್ರಗಳಲ್ಲಿ ಮಂಡಿಗೆ ದೊಡ್ಡ ಚಿಪ್ಪು ಇದ್ದೇ ಇರುತ್ತದೆ, ಹವ್ಯಾಸಿಗಳು ಅದನ್ನು ಕಾಲಿಗೆ ಬಿಗಿದುಕೊಂಡು ಮೆಟ್ಟಿಲು ಇಳಿಯಲಾಗದೆ ನಿಲ್ಲುತ್ತಾರೆ. ಆ ಚಿಪ್ಪನ್ನು ತೊಡೆಯ ತುಂಡಿಗೆ ಮೇಲಿನ ಅಂಚಿನಲ್ಲಿ ಮಾತ್ರ ಕಟ್ಟಿ ಕೆಳಗೆ ಸಡಿಲ ಬಿಟ್ಟರೆ ಕಾಲು ಮಡಚಬಹುದು.

ಮೂರನೆಯದೇ ದೊಡ್ಡದು: ಕಟ್ಟುವ ಇನ್ನೊಬ್ಬ. ಚೌಕಿಯಲ್ಲಿ ಒಬ್ಬನೇ ವೇಷ ಕಟ್ಟಿಕೊಂಡವನಿಲ್ಲ. ಶಿರಸಿಯ ಬೇಡರ ವೇಷ ಇದನ್ನು ಬೀದಿಗೇ ತಂದಿದೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯಿಲ್ಲದ ವರ್ಷದ ಹೋಳಿಗೆ ಮುಂಚಿನ ರಾತ್ರಿಗಳಲ್ಲಿ ಓಣಿ ಓಣಿಯಿಂದ ಬೇಡರು ಹೊರಡುತ್ತಾರೆ. ಮುಖಕ್ಕೆ ಬಣ್ಣ, ಭಾರೀ ಮೀಸೆ, ಕೆಂಪು ಬಟ್ಟೆ, ಬೆನ್ನಿನ ಮೇಲೆ ಹರಡಿ ನಿಂತ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ. ವೇಷ ಏರಲು ಗಂಟೆಗಟ್ಟಲೆ ಬೇಕು. ತಮಟೆಯ ಪೆಟ್ಟಿಗೆ ಆತ ಎರಗಿ ಬಂದಾಗ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಜಗ್ಗಿ ಹಿಡಿಯುತ್ತಾರೆ. ಈ ವೇಷದ ಹಿಂದಿನ ಕಥೆಯ ಪ್ರಕಾರ ಅದು ಉನ್ಮತ್ತನಾದ ಬೇಡನನ್ನು ಸೆರೆಹಿಡಿದ ಹಗ್ಗ. ವೇಷದ ದೃಷ್ಟಿಯಿಂದ ನೋಡಿದರೆ, ಬೆನ್ನಿನ ಭಾರದಿಂದ ವಾಲಿದವನನ್ನು, ಜನರ ನಡುವೆ ಪಕ್ಕಕ್ಕೆ ನೋಡಲಾಗದವನನ್ನು ಕಾಯುವ ಹಗ್ಗವೂ ಹೌದು. ಹೊರದೇಶದ ಕೂಟಗಳು ಎಷ್ಟೋ ಅಪಘಾತಗಳ ಮೇಲೆ ಕಲಿತ ನಿಯಮ ಇದೇ: ಪೂರಾ ಕವಚ ತೊಟ್ಟವನ ಜೊತೆ ನೀರಿನ ಬಾಟಲಿ, ಅಂಟುಪಟ್ಟಿ, ಕತ್ತರಿ ಹಿಡಿದ ಒಬ್ಬ ಸಂಗಾತಿ ಸದಾ ಇರಬೇಕು. ಅವನೇ ಕಣ್ಣು, ಅವನೇ ದಾರಿ.

ಕಣ್ಣಿನ ಮಾತು ಬಂತು. ನಮ್ಮ ಮೆರವಣಿಗೆಗಳ ಗಾರುಡಿ ಗೊಂಬೆ ಬಿದಿರಿನ ಹಂದರದ ದೈತ್ಯ. ಒಳಗಿದ್ದವನು ಹೆಗಲ ಮೇಲೆ ಹೊತ್ತು ಕುಣಿಯುತ್ತಾನೆ, ಗೊಂಬೆಯ ಹೊಟ್ಟೆಯಲ್ಲಿರುವ ಕಿಂಡಿಯಿಂದ ನೋಡುತ್ತಾನೆ. ಗೊಂಬೆಯ ಕಣ್ಣು ಬೇರೆ, ಆಡಿಸುವವನ ಕಣ್ಣು ಬೇರೆ ಎಂಬ ಈ ಜಾಣ್ಮೆ ದೊಡ್ಡ ಯಂತ್ರಮಾನವನ ವೇಷ ಮಾಡುವವರಿಗೆ ನೇರ ಉಪಯೋಗಕ್ಕೆ ಬರುತ್ತದೆ. ತಲೆಯನ್ನು ತಲೆಯ ಜಾಗದಲ್ಲೇ ಇಟ್ಟು ಗಾಜಿನ ಹಿಂದೆ ಬೆವರಿ, ಆವಿ ಕಟ್ಟಿ, ಕುರುಡಾಗುವುದಕ್ಕಿಂತ ಕುತ್ತಿಗೆಯ ಜಾಲರಿಯಿಂದ ನೋಡುವುದು ಎಷ್ಟೋ ವಾಸಿ. ಶಿರಸ್ತ್ರಾಣದೊಳಗೆ ಕಂಪ್ಯೂಟರಿನ ಪುಟ್ಟ ಫ್ಯಾನು ಕೂರಿಸುವವರಿದ್ದಾರೆ, ಸಹಾಯವಾಗುತ್ತದೆ. ಆದರೆ ಒಳಗಿನ ಬಿಸಿಗಾಳಿ ಹೊರಹೋಗಲು ನೆತ್ತಿಯ ಬಳಿ ಕಿಂಡಿ ಇಲ್ಲದಿದ್ದರೆ ಫ್ಯಾನು ಅದೇ ಬಿಸಿಗಾಳಿಯನ್ನು ತಿರುಗಿಸುತ್ತಿರುತ್ತದೆ. ಯಕ್ಷಗಾನ ಈ ಸಮಸ್ಯೆಯನ್ನು ಬೇರೆ ದಾರಿಯಿಂದ ಬಗೆಹರಿಸಿತು. ಮುಖವಾಡದ ಬದಲು ಬಣ್ಣ ಹಚ್ಚಿತು. ಅಕ್ಕಿಹಿಟ್ಟು ಸುಣ್ಣದ ಚಿಟ್ಟಿ ಇಟ್ಟ ರಾಕ್ಷಸನ ಮುಖ ಮುಖವಾಡದಷ್ಟೇ ಭಯಂಕರ. ಕಣ್ಣು, ಬಾಯಿ, ಉಸಿರು ಮಾತ್ರ ಮುಕ್ತ. ಅನ್ಯಗ್ರಹದ ಜೀವಿಯ ವೇಷಕ್ಕೆ ಚಿಟ್ಟಿ ಇಡಲು ಯಾರಾದರೂ ಕೈಹಾಕಿದರೆ ನಾನು ಮೊದಲ ಸಾಲಿನಲ್ಲಿ ಕೂತು ನೋಡುತ್ತೇನೆ.

ಹೊಸ ಸಾಮಗ್ರಿ ಚೌಕಿಗೂ ಬಂದಿದೆ. ಮರದ ಬದಲು ಥರ್ಮೋಕೋಲು, ಫೋಮು, ಬೇಗಡೆಯ ಬದಲು ಸ್ಪ್ರೇ ಬಣ್ಣ. ಹಗುರ, ಅಗ್ಗ, ಬೇಗ ಆಗುತ್ತದೆ. ವೇಷದಲ್ಲಿ ಏನು ಬರಬೇಕು, ಏನು ಬರಬಾರದು ಎಂಬ ಚರ್ಚೆ ಹಳೆಯದು. ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ'ವನ್ನು ಬರೆದು, ಅದಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾಲದಿಂದಲೂ ನಾಟಕ ಕಂಪನಿಯ ಥಳಕು ಆಟದ ವೇಷಕ್ಕೆ ನುಗ್ಗುವುದರ ಬಗ್ಗೆ ಜಗಳ ನಡೆದೇ ಇದೆ. ರೂಪದ ಜಗಳಕ್ಕಿಂತ ನನಗೆ ಆತಂಕ ತರುವುದು ಬೆಂಕಿ. ಬಣ್ಣದ ವೇಷದ ಒಡ್ಡೋಲಗದಲ್ಲಿ ದೀವಟಿಗೆಗೆ ರಾಳ ಎರಚಿದಾಗ ಜ್ವಾಲೆ ಆಳೆತ್ತರ ಏಳುತ್ತದೆ. ಮರಕ್ಕೆ, ಹತ್ತಿ ಬಟ್ಟೆಗೆ ಆ ಕ್ಷಣದ ಕಿಡಿ ತಾಗಿದರೆ ತಟ್ಟಿ ಆರಿಸಬಹುದು. ಥರ್ಮೋಕೋಲು, ಫೋಮುಗಳಿಗೆ ಹಿಡಿದರೆ ಅವು ಕರಗಿ ಉರಿಯುತ್ತ ಮೈಗೆ ಅಂಟುತ್ತವೆ. ರಾಳ ಹಾರುವ ರಂಗದಲ್ಲಿ ಫೋಮಿನ ಭುಜಕೀರ್ತಿ ಬೇಡವೇ ಬೇಡ. ಇದೇ ಮಾತು ಬಾಹ್ಯಾಕಾಶ ಯೋಧನ ವೇಷ ತೊಟ್ಟು ದೀಪಾವಳಿಯ ಪಟಾಕಿಯ ನಡುವೆ ಓಡಾಡುವ ಮಕ್ಕಳಿಗೂ ಅನ್ವಯಿಸುತ್ತದೆ.

ರೂಪ ಯಾರದು ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಸ್ಟಾರ್ ವಾರ್ಸ್ ಸೈನಿಕನ ಶಿರಸ್ತ್ರಾಣವನ್ನು ಅಚ್ಚು ಹಾಕಿದ ಏನ್ಸ್‌ವರ್ತ್ ಅವರು ವರ್ಷಗಳ ಮೇಲೆ ಅದೇ ಅಚ್ಚಿನಿಂದ ಪ್ರತಿ ತೆಗೆದು ಮಾರತೊಡಗಿದರು. ಲ್ಯೂಕಾಸ್‌ಫಿಲ್ಮ್ ಸಂಸ್ಥೆ ದಾವೆ ಹೂಡಿತು. 2011ರ ಜುಲೈ 27ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಶಿರಸ್ತ್ರಾಣ ಶಿಲ್ಪವಲ್ಲ ಎಂದು ತೀರ್ಪು ಕೊಟ್ಟಿತು. ಅದು ಸಿನಿಮಾ ತಯಾರಿಕೆಯಲ್ಲಿ ಉಪಯೋಗಕ್ಕೆ ಬಂದ ಒಂದು ವಸ್ತು, ಹಾಗಾಗಿ ಶಿಲ್ಪಕ್ಕಿರುವ ದೀರ್ಘ ಹಕ್ಕುಸ್ವಾಮ್ಯ ಅದಕ್ಕೆ ಸಲ್ಲದು. ಅಮೆರಿಕದ ಹಕ್ಕುಸ್ವಾಮ್ಯದ ಉಲ್ಲಂಘನೆಯನ್ನು ಬ್ರಿಟನ್ನಿನ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂದೂ ಅದೇ ತೀರ್ಪು ಹೇಳಿತು. ತಾನೇ ಕಟ್ಟಿ ತಾನೇ ತೊಡುವವರ ತಂಟೆಗೆ ಕಂಪನಿಗಳು ಸಾಮಾನ್ಯವಾಗಿ ಬರುವುದಿಲ್ಲ. ಮಾರಾಟಕ್ಕೆ ಇಳಿದಾಗ ತೊಡಕು ಶುರು. ನಮ್ಮ ಭುಜಕೀರ್ತಿಗೆ ಅಂಥ ಒಡೆಯನಿಲ್ಲ. ಕೆತ್ತಿದವರಲ್ಲಿ ಹೆಸರು ಉಳಿದವರೂ ಕಡಿಮೆ. ಭಾಗವತರ, ವೇಷಧಾರಿಗಳ ಹೆಸರು ಪ್ರಶಸ್ತಿ ಪಟ್ಟಿಗೆ ಬರುತ್ತದೆ. ಹೊನ್ನಾವರ ತಾಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಬಂದ ಪದ್ಮಶ್ರೀ ನಾವೆಲ್ಲ ಹೆಮ್ಮೆಯಿಂದ ಹೇಳುವ ಸಂಗತಿಗಳು. ಕಿರೀಟ ಕೆತ್ತಿದವನ ಹೆಸರನ್ನು ಕರಪತ್ರದಲ್ಲಿ ಹಾಕುವ ಪದ್ಧತಿ ಇನ್ನೂ ಬರಬೇಕಿದೆ.

ಶಾಲೆಗಳ ಮಟ್ಟಿಗೆ ಒಂದು ಸಲಹೆ ಇದೆ. ಪ್ರತಿಭಾ ಕಾರಂಜಿಯ ಛದ್ಮವೇಷದಲ್ಲಿ ಪೇಟೆಯಿಂದ ಬಾಡಿಗೆಗೆ ತಂದ ವೇಷಕ್ಕೂ ಮನೆಯಲ್ಲಿ ಕಟ್ಟಿದ ವೇಷಕ್ಕೂ ಒಂದೇ ತಕ್ಕಡಿ ಆಗಬಾರದು. ಕಟ್ಟಿದ ಮಗು ವೇಷದ ಒಂದು ತುಂಡನ್ನು ಬಿಚ್ಚಿ ಅದನ್ನು ಯಾವುದರಿಂದ ಮಾಡಿದೆ, ಹೇಗೆ ಬಾಗಿಸಿದೆ, ಎಲ್ಲಿ ಸೀಳಿತು ಎಂದು ತೀರ್ಪುಗಾರರ ಮುಂದೆ ಹೇಳಲಿ, ಅದಕ್ಕೂ ಅಂಕ ಇರಲಿ. ಕಟ್ಟಿಕೊಟ್ಟ ಅಪ್ಪನೋ ಅತ್ತೆಯೋ ಗೆಳತಿಯೋ ಮಗುವಿನ ಜೊತೆ ವೇದಿಕೆಗೆ ಬರಲಿ. ನಂದೊಳ್ಳಿಯ ಸುತ್ತಿನ ತೋಟಗಳಲ್ಲಿ ಹಾಳೆಗೆ ಬರವಿಲ್ಲ, ಹಾಳೆತಟ್ಟೆಯ ಅಚ್ಚು ಇರುವವರೂ ಆ ಕಡೆ ಸಿಗುತ್ತಾರೆ. ಬೇಸಿಗೆ ರಜೆಯಲ್ಲಿ ಒಂದು ವಾರ ಗುಡಿಗಾರರೊಬ್ಬರನ್ನೂ, ಫೋಮಿನ ಕೆಲಸ ಬಲ್ಲ ಕಾಲೇಜು ಹುಡುಗಿಯೊಬ್ಬಳನ್ನೂ, ಚೌಕಿಯಲ್ಲಿ ಗಂಟು ಹಾಕಿ ಪಳಗಿದ ಹಿರಿಯರೊಬ್ಬರನ್ನೂ ಒಂದೇ ಜಗುಲಿಯಲ್ಲಿ ಕೂರಿಸಿದರೆ ಮೊದಲ ಹಾಳೆ ಕವಚಕ್ಕೆ ಬೇಕಾದ್ದೆಲ್ಲ ಅಲ್ಲೇ ಇದೆ. ಹಾಳೆಯನ್ನು ಮಾತ್ರ ಹಿಂದಿನ ರಾತ್ರಿಯೇ ನೆನೆಹಾಕಿರಬೇಕು.